ಊಟದ ಹೊತ್ತಿನ ಚೌಕ

ಈ ಚಿತ್ರವನ್ನು ನಾನು ಎರಡು ಮನೆಗೆ ಹೊತ್ತು ತಿರುಗಿದ್ದೇನೆ. ಲಂಡನ್ನಿನ ರೇನರ್ಸ್ ಲೇನಿನ ಮನೆಯಿಂದ ವೆಂಬ್ಲಿಯ ಬಾಡಿಗೆ ಕೋಣೆಗೆ, ಅಲ್ಲಿಂದ ಸಟನ್ನಿನ ಈ ಫ್ಲ್ಯಾಟಿಗೆ. ಪ್ರತಿ ಸಲವೂ ಸಾಮಾನು ಹೊರುವವರು ಇದನ್ನು ಎಲ್ಲಿ ತೂಗುಹಾಕಬೇಕೆಂದು ಕೇಳುತ್ತಾರೆ. ಎಲ್ಲಾದರೂ ಒರಗಿಸಿಡಿ ಅನ್ನುತ್ತೇನೆ. ಸದ್ಯಕ್ಕೆ ಅದು ಬೀರುವಿನ ಹಿಂದೆ, ಗೋಡೆಯ ಕಡೆ ಮುಖಮಾಡಿ ನಿಂತಿದೆ. ತೂಗುಹಾಕುವ ಮನಸ್ಸಿಲ್ಲ, ಎಸೆಯುವ ಧೈರ್ಯವೂ ಇಲ್ಲ. ಸಾವಿರದೈನೂರು ತುಂಡುಗಳ ಜಿಗ್‌ಸಾ ಅದು. ಹಲಗೆಗೆ ಅಂಟಿಸಿ ಗಾಜು ಹಾಕಿಸಿದ್ದು, ಭಾರ ಬೇರೆ. ಇನ್ನೂರೈವತ್ತು ವರ್ಷಗಳ ಹಿಂದೆ ಒಬ್ಬ ಇಟಾಲಿಯನ್ ಚಿತ್ರಕಾರ ಬರೆದ ವೆನಿಸ್ ಊರಿನ ಒಂದು ಚೌಕ. ನಡುವೆ ಒಂದು ಬಾವಿ, ಹಿಂದೆ ಇಗರ್ಜಿ, ಎಡಕ್ಕೆ ಎತ್ತರದ ಗಂಟೆಗೋಪುರ, ಸುತ್ತ ಬಟ್ಟೆಯ ಚಪ್ಪರ ಕಟ್ಟಿದ ಅಂಗಡಿಗಳು, ಬುಟ್ಟಿಯಲ್ಲಿ ಕೋಳಿ ಹೊತ್ತವರು, ಮೇಲಿನ ಕಿಟಕಿಯಿಂದ ಬಟ್ಟೆ ಕೊಡವುವ ಹೆಂಗಸು, ನಮಗೆ ಬೆನ್ನು ಹಾಕಿ ನಿಂತ ಕೆಂಪು ನಿಲುವಂಗಿಯವ, ಎರಡು ನಾಯಿ. ಡಬ್ಬಿಯ ಮುಚ್ಚಳದ ಮೂಲೆ ಹರಿದಿದ್ದರಿಂದ ಚಿತ್ರಕಾರನ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಿಳಿದುಕೊಳ್ಳಬೇಕೆಂದು ಯಾರಿಗೂ ಅನಿಸಿದ್ದೂ ಇಲ್ಲ.

ಆದರೆ ಆ ಚೌಕದ ಜನರೆಲ್ಲ ನನಗೆ ಗೊತ್ತು. ಕಣ್ಣು ಮುಚ್ಚಿದರೂ ಯಾರು ಎಲ್ಲಿ ನಿಂತಿದ್ದಾರೆಂದು ಹೇಳಬಲ್ಲೆ. ಹದಿಮೂರನೆಯ ವಯಸ್ಸಿನಿಂದ ಇಪ್ಪತ್ತೊಂದರವರೆಗೆ, ಮನೆಯಲ್ಲಿ ಉಂಡ ಪ್ರತಿಯೊಂದು ಊಟವನ್ನೂ ನಾನು ಅವರನ್ನು ನೋಡುತ್ತಲೇ ಉಂಡಿದ್ದೇನೆ. ನಮ್ಮ ಮನೆಯಲ್ಲಿ ಒಂದು ನಿಯಮವಿತ್ತು. ಅಪ್ಪ ಉಣ್ಣುವಾಗ ಯಾರೂ ಅವನ ಕಡೆ ನೋಡಕೂಡದು, ಗೋಡೆಯ ಮೇಲಿನ ಚೌಕವನ್ನು ನೋಡಬೇಕು. ಬೇರೆಯವರ ಮನೆಗಳಲ್ಲಿ ಊಟದ ಹೊತ್ತಿಗೆ ಟೀವಿ ನೋಡಬೇಡ ಎನ್ನುತ್ತಿದ್ದರು, ನಮ್ಮಲ್ಲಿ ಅಪ್ಪನನ್ನು ನೋಡಬೇಡ ಎನ್ನುತ್ತಿದ್ದರು. ಇವತ್ತಿಗೂ ಆಫೀಸಿನ ಕ್ಯಾಂಟೀನಿನಲ್ಲಿ ನಾನು ಗೋಡೆಗೆ ಮುಖ ಮಾಡಿ ಕೂರುತ್ತೇನೆ. ಜೊತೆಯವರು ನನ್ನನ್ನು ಬಿಗುಮಾನದವಳು ಅಂದುಕೊಂಡಿದ್ದಾರೆ. ಇರಲಿ ಬಿಡಿ, ತಿಳಿಹೇಳುತ್ತಾ ಕೂರುವಷ್ಟು ತ್ರಾಣ ಈಗ ಉಳಿದಿಲ್ಲ.

ರೇನರ್ಸ್ ಲೇನಿನ ಮನೆ ಸಾಲಿನ ಕೊನೆಯದು. ಮುಂದೊಂದು ಕೋಣೆ, ನಡುವೆ ಊಟದ ಕೋಣೆ, ಹಿಂದೆ ಅಡುಗೆಮನೆ, ಮೇಲೆ ಎರಡು ಮಲಗುವ ಕೋಣೆ. ದೇವರು ಬಾಯ್ಲರಿನ ಕಪಾಟಿನಲ್ಲಿ. ಮನೆಯಲ್ಲಿ ಹನ್ನೆರಡು ತಿಂಗಳೂ ಬೆಚ್ಚಗಿದ್ದ ಜಾಗ ಅದೊಂದೇ, ಅದನ್ನು ದೇವರಿಗೆ ಬಿಟ್ಟುಕೊಟ್ಟಿದ್ದೆವು. ಅಪ್ಪ ಧಾರವಾಡದವನು. ಲಂಡನ್ನಿನ ಒಂದು ಕಟ್ಟಡದ ಕಂಪನಿಯಲ್ಲಿ ನಕ್ಷೆ ಬರೆಯುವ ಕೆಲಸ. ಮನೆಯಲ್ಲಿ ಹಾಲಿನವನಿಗೆ ಚೀಟಿ ಬರೆದಿಟ್ಟರೂ ಅಕ್ಷರಗಳು ಗೆರೆ ಎಳೆದಷ್ಟು ನೆಟ್ಟಗೆ ಇರುತ್ತಿದ್ದವು. ಅವ್ವ ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳ ಆರೈಕೆಯ ಕೆಲಸದಲ್ಲಿದ್ದಳು. ಮೈ ಒರೆಸುವುದು, ಬಟ್ಟೆ ಬದಲಿಸುವುದು, ಉಣ್ಣಿಸುವುದು. ನಾನು ಒಬ್ಬಳೇ ಮಗಳು. ಅವರಿಬ್ಬರೂ ಕನ್ನಡದಲ್ಲಿ ಮಾತಾಡಿದರೆ ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ. ಅದು ಅವರಿಗೂ ನನಗೂ ರೂಢಿಯಾಗಿತ್ತು, ಯಾರೂ ಅದರ ಬಗ್ಗೆ ಬೇಜಾರು ಮಾಡಿಕೊಂಡಿರಲಿಲ್ಲ.

ನನಗೆ ಹನ್ನೊಂದು ತುಂಬಿದ ವರ್ಷ ಅಪ್ಪನಿಗೆ ಲಕ್ವಾ ಹೊಡೆಯಿತು. ಬೆಳಗ್ಗೆ ಷೂ ಹಾಕಿಕೊಳ್ಳಲು ಮೆಟ್ಟಿಲ ಮೇಲೆ ಕೂತವನು ಹಾಗೇ ಬಲಕ್ಕೆ ವಾಲಿದ. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಮಾತು ಬಹುಮಟ್ಟಿಗೆ ಮರಳಿತ್ತು, ಕೋಲು ಊರಿಕೊಂಡು ನಡೆಯುತ್ತಿದ್ದ. ಬಲಗೈ ಮಾತ್ರ ಬರಲಿಲ್ಲ. ಅದು ಅವನ ಮಡಿಲಲ್ಲಿ ಸುಮ್ಮನೆ ಮಲಗಿರುತ್ತಿತ್ತು. ಮುಂದಿನ ಕೋಣೆಯೇ ಅವನ ಮಲಗುವ ಕೋಣೆಯಾಯಿತು. ಆಸ್ಪತ್ರೆಯಿಂದ ಕೈಯ ಅಭ್ಯಾಸ ಮಾಡಿಸುವ ಒಬ್ಬ ಹೆಂಗಸು ವಾರಕ್ಕೊಮ್ಮೆ ಬರುತ್ತಿದ್ದಳು. ಅವಳು ದಪ್ಪ ಹಿಡಿಯ, ಕತ್ತು ಬಾಗಿದ ಒಂದು ಚಮಚ ಕೊಟ್ಟಳು, ತಟ್ಟೆ ಜಾರದಂತೆ ಕೆಳಗೆ ಹಾಸಲು ರಬ್ಬರಿನ ಹಾಳೆ ಕೊಟ್ಟಳು. ಎಡಗೈಯಲ್ಲಿ ಗುಂಡಿ ಹಾಕುವುದು, ಬಾಚುವುದು, ಪೆನ್ನು ಹಿಡಿಯುವುದು ಎಲ್ಲವನ್ನೂ ಅಪ್ಪ ಬೇಗ ಕಲಿತ. ಇಷ್ಟು ಬೇಗ ಕಲಿತವರನ್ನು ನೋಡಿಯೇ ಇಲ್ಲ ಎಂದು ಅವಳು ಬೆರಗಾದಳು. ಚಮಚದ ವಿಷಯ ಬಂದಾಗ ಮಾತ್ರ ಅವನು ನಕ್ಕು, ಥ್ಯಾಂಕ್ಯೂ ಹೇಳಿ, ಅವಳು ಬಾಗಿಲು ದಾಟಿದ ಮೇಲೆ ಅದನ್ನು ಡ್ರಾವರಿಗೆ ಹಾಕಿಸಿದ.

"ಎಡಗೈಲೆ ಉಣ್ಣಬೇಕಂತ. ನಾ ಏನ್ ಅಷ್ಟ ಕೆಟ್ಟೇನೇನು?"

ಅವ್ವ ಒಂದು ಸಲ, ಒಂದೇ ಸಲ, ಹೇಳಿ ನೋಡಿದಳು.

"ನಮ್ಮ ವಾರ್ಡಿನ್ಯಾಗ ಎಲ್ಲಾರೂ ಹಂಗ ಉಣ್ತಾರ್ರೀ. ಏನಾಗ್ತದ?"

"ಅವರು ಉಣ್ತಾರ. ನಾ ಉಣ್ಣೂದಿಲ್ಲ."

ಅವತ್ತು ಅಪ್ಪ ಬಾಯಿ ಮುಚ್ಚಿದವನು ಮರುದಿನ ಸಂಜೆಯವರೆಗೂ ಮಾತಿಗೂ ಊಟಕ್ಕೂ ತೆರೆಯಲಿಲ್ಲ. ಮರುದಿನ ಸಂಜೆ ಅವ್ವ ತಾನೇ ಅನ್ನ ಕಲಸಿ ಅವನ ಮುಂದೆ ನಿಂತಳು. ಅಲ್ಲಿಗೆ ಆ ಮಾತು ಮುಗಿಯಿತು. ಎಡಗೈ ಯಾತಕ್ಕೆ ಮೀಸಲೆಂದು ನಮ್ಮ ಮನೆಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎಡಗೈಯಲ್ಲಿ ಪ್ರಸಾದ ಈಸಿಕೊಂಡರೆ ನನಗೇ ಬೈಗುಳ ಬೀಳುತ್ತಿತ್ತು. ಹೀಗಾಗಿ ಅವ್ವ ದಿನವಿಡೀ ಆಸ್ಪತ್ರೆಯಲ್ಲಿ ಗುರುತಿಲ್ಲದವರ ಎಡಗೈಗೆ ಚಮಚ ಹಿಡಿಸಿ, ಶಾಬಾಸ್ ಎಂದು ಬೆನ್ನು ತಟ್ಟಿ, ಮನೆಗೆ ಬಂದು ಕೋಟು ಕಳಚಿ, ಕೈತೊಳೆದು ಗಂಡನಿಗೆ ತುತ್ತು ಮಾಡಿ ಉಣ್ಣಿಸುತ್ತಿದ್ದಳು. ಅವಳ ಪಾಳಿ ಬದಲಾದ ವಾರಗಳಲ್ಲಿ ಆ ಕೆಲಸ ನನ್ನದು.

ಬೆಳಗ್ಗೆ ಶಾಲೆಗೆ ಹೋಗುವ ಮುಂಚೆ ಭಕ್ಕರಿಯನ್ನು ಹಾಲಿನಲ್ಲಿ ಮುರಿದು ನೆನೆಸಿ, ಸಂಜೆ ಬಂದಮೇಲೆ ಹುಳಿ ಅನ್ನ ಮಿದ್ದು, ನಾನು ಅಪ್ಪನಿಗೆ ಉಣ್ಣಿಸಿದೆ. ಎರಡು ವರ್ಷ. ಪ್ರೀತಿಯಿಂದ ಉಣ್ಣಿಸಿದೆನೆಂದು ಬರೆದರೆ ಸುಳ್ಳಾಗುತ್ತದೆ. ನನಗೆ ಅದು ಸಾಕಾಗಿ ಹೋಗಿತ್ತು. ಬಾಯಿ ತೆರೆದುಕೊಂಡು ಕಾಯುವ ಅಪ್ಪನ ಮುಖ ಕಂಡರೆ ಮೈ ಉರಿಯುತ್ತಿತ್ತು. ಅವನ ಬಾಯ ಬಲಭಾಗಕ್ಕೆ ಸ್ಪರ್ಶ ಕಡಿಮೆ, ಅಲ್ಲಿ ಅಗುಳು ನಿಂತರೆ ಗೊತ್ತಾಗುತ್ತಿರಲಿಲ್ಲ, ಒರೆಸಬೇಕು. ಸ್ಕೂಲಿನಲ್ಲಿ ಎಷ್ಟು ಸೋಪು ಹಚ್ಚಿದರೂ ನನ್ನ ಬೆರಳಿಗೆ ಇಂಗಿನ ವಾಸನೆ ಅಂಟಿರುತ್ತಿತ್ತು. ಒಂದು ತುತ್ತು ನುಂಗುವ ಮೊದಲೇ ಇನ್ನೊಂದನ್ನು ಹಿಡಿದು ನಿಂತಿರುತ್ತಿದ್ದೆ. ಅಪ್ಪ ಬೈಯಲಿಲ್ಲ. ತುಂಬಿದ ಬಾಯಲ್ಲೇ ಹೇಳುತ್ತಿದ್ದ.

"ಸಾವಕಾಶ, ನನ್ನವ್ವಾ. ಸಾವಕಾಶ."

ಆ ಮಾತು ಕೇಳಿದರೆ ಇನ್ನಷ್ಟು ಸಿಟ್ಟು ಬಂದು ಇನ್ನಷ್ಟು ದೊಡ್ಡ ತುತ್ತು ಮಾಡುತ್ತಿದ್ದೆ.

ಜಿಗ್‌ಸಾ ಬಂದದ್ದು ಆ ಮೊದಲ ಚಳಿಗಾಲದಲ್ಲಿ. ಅಪ್ಪನ ಆಫೀಸಿನವರು ಹೂ, ಕಾರ್ಡು, ಈ ಡಬ್ಬಿ ಹಿಡಿದು ಬಂದು, ಅರ್ಧ ಗಂಟೆ ಕೂತು, ಟೀ ಕುಡಿದು, ಮತ್ತೆ ಯಾವತ್ತೂ ಬರಲಿಲ್ಲ. ಅಪ್ಪ ಡಬ್ಬಿಯನ್ನು ಡೈನಿಂಗ್ ಟೇಬಲ್ಲಿನ ಮೇಲೆ ಸುರಿಸಿಕೊಂಡ. ಎಲ್ಲರೂ ಅಂಚಿನ ತುಂಡುಗಳಿಂದ ಶುರುಮಾಡುತ್ತಾರೆ. ಅಪ್ಪ ಹಾಗೆ ಮಾಡಲಿಲ್ಲ. ಆರು ತಿಂಗಳು ಒಂದು ತುಂಡನ್ನೂ ಕೂಡಿಸದೆ ಬರೀ ವಿಂಗಡಿಸಿದ. ಆಕಾಶದ್ದು ಬೇರೆ, ನೆರಳಿನದ್ದು ಬೇರೆ, ಕಲ್ಲುಹಾಸಿನದ್ದು ಬೇರೆ, ಮನುಷ್ಯರದ್ದು ಬೇರೆ. ವಿಂಗಡಿಸಿದ್ದನ್ನು ಹಾಕಿಡಲು ಮನೆಯ ಸ್ಟೀಲ್ ಬಟ್ಟಲುಗಳೆಲ್ಲ ಬೇಕಾದವು. ನಾವು ಟೀ ಮಗ್ಗಿನಲ್ಲಿ ಸಾರು ಕುಡಿದೆವು. ಅವ್ವ ಒಂದು ದಿನ ರೇಗಿದಳು.

"ಬಟ್ಟಲಾ ಇಲ್ಲ, ಟೇಬಲ್ ಇಲ್ಲ. ನಾವೇನ್ ನೆಲದ ಮ್ಯಾಲೆ ಕೂತು ಮಗ್ಗಿನ್ಯಾಗ ಉಣ್ಣೋಣೇನ್ರೀ?"

"ಎಲ್ಲಾ ಗೆರೀನೂ ಎಲ್ಲಿ ಹೋಗಿ ಕೂಡ್ತಾವ ಅಂತ ಮೊದಲ ಗೊತ್ತಾಗಬೇಕು. ಅಲ್ಲಿತನಕಾ ಕಟ್ಟಲಿಕ್ಕೆ ಬರೂದಿಲ್ಲ."

ಅಪ್ಪನಿಗೆ ಅದು ಆಟವಾಗಿರಲಿಲ್ಲ, ಕೆಲಸವಾಗಿತ್ತು. ಕಟ್ಟಡಗಳ ಅಂಚು, ಅಂಗಡಿಗಳ ಚಪ್ಪರ, ನೆಲದ ಕಲ್ಲಿನ ಸಾಲು, ಎಲ್ಲವೂ ದೂರದಲ್ಲಿ ಬಾವಿಯ ಹಿಂದಿನ ಒಂದು ಬಾಗಿಲಲ್ಲಿ ಹೋಗಿ ಸೇರುತ್ತವೆಂದು ಅವನು ಮುಚ್ಚಳದ ಚಿತ್ರದ ಮೇಲೆ ಎಡಗೈಯಿಂದ ಪೆನ್ಸಿಲ್ ಗೆರೆ ಎಳೆದು ಕಂಡುಹಿಡಿದ. ಆ ಬಾಗಿಲಿನಿಂದ ಶುರುಮಾಡಿ ಹೊರಗೆ ಕಟ್ಟುತ್ತಾ ಬಂದ. ದಿನಕ್ಕೆ ನಾಲ್ಕು ತುಂಡು, ಐದು ತುಂಡು. ಟೇಬಲ್ಲಿನ ಮೇಲೆ ನಮಗೆ ಜಾಗವಿರಲಿಲ್ಲ. ನಾನು ನಿಂತು ಉಣ್ಣಿಸುವಾಗ ಅಪ್ಪ ಚೌಕವನ್ನು ನೋಡುತ್ತಾ ಅಗಿಯುತ್ತಿದ್ದ.

ಬೇರೆಯವರ ಎದುರು ಉಣ್ಣಿಸಿಕೊಳ್ಳಲು ಅಪ್ಪನಿಗೆ ನಾಚಿಕೆ. ಅದಕ್ಕೆ ಅವನು ಉಪವಾಸ ಹಿಡಿದ. ನಮ್ಮ ಕಡೆಯ ಹತ್ತಿಪ್ಪತ್ತು ಮನೆಗಳವರು ಹಬ್ಬಕ್ಕೆ ವೆಂಬ್ಲಿಯಲ್ಲಿ ಒಂದು ಶಾಲೆಯ ಹಾಲ್ ಹಿಡಿದು ಒಟ್ಟಿಗೆ ಊಟ ಮಾಡುತ್ತಿದ್ದರು. ಅಪ್ಪ ಎಲ್ಲಿಗೆ ಹೋದರೂ ಅವತ್ತು ಸೋಮವಾರದ ಉಪವಾಸ, ಇಲ್ಲವೇ ಸಂಕಷ್ಟಿ, ಇಲ್ಲವೇ ಏಕಾದಶಿ. ಒಂದು ಗ್ಲಾಸ್ ಮಜ್ಜಿಗೆ ಕುಡಿದು ಗೋಡೆಗೆ ಒರಗಿ ಕೂತಿರುತ್ತಿದ್ದ. ಕಾಯಿಲೆ ಬಂದಮೇಲೆ ಮನುಷ್ಯ ದೇವರ ಕಡೆ ಹೊರಳಿದ ಎಂದು ಜನ ಮೆಚ್ಚಿಕೊಂಡರು. ಸಣ್ಣವರು ಅವನ ಕಾಲಿಗೆ ಬೀಳಲು ಶುರುಮಾಡಿದರು. ಒಂದು ದೀಪಾವಳಿಯಲ್ಲಿ ಅಪ್ಪ ಅವಸರದಲ್ಲಿ ಏಕಾದಶಿ ಎಂದುಬಿಟ್ಟ. ವಿಜಾಪುರದ ಪದ್ದಕ್ಕ ಹೋಳಿಗೆ ಬಡಿಸುತ್ತಿದ್ದವಳು ನಿಂತುಬಿಟ್ಟಳು. ಹಬ್ಬಗಳ ಪಂಚಾಂಗವನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಹೆಂಗಸು ಆಕೆ.

"ಇವತ್ತ ಅಮಾಸಿ ಅದ. ಏಕಾದಶಿ ಎಲ್ಲಿಂದ ಬಂತ್ರೀ?"

ಅವ್ವ ತಡವರಿಸಲಿಲ್ಲ.

"ದವಾಖಾನ್ಯಾಗ ಇದ್ದಾಗ ನಾಕ ಏಕಾದಶಿ ತಪ್ಯಾವ್ರೀ. ಈಗ ಒಂದೊಂದ ಮುಗಸ್ಲಿಕ್ಕತ್ತಾರ."

ಪದ್ದಕ್ಕನ ಕಣ್ಣಲ್ಲಿ ನೀರು ಬಂತು. ಇಂಥ ನಿಷ್ಠೆ ಈ ದೇಶದಲ್ಲಿ ಎಲ್ಲಿದೆ ಎಂದು ಇಡೀ ಹಾಲಿಗೆ ಕೇಳುವಂತೆ ಹೇಳಿ, ನಾಳೆ ಪಾರಣೆಗೆ ಇರಲಿ ಎಂದು ಎಂಟು ಹೋಳಿಗೆ ಕಟ್ಟಿಕೊಟ್ಟಳು. ಬಸ್ಸಿನಲ್ಲಿ ಮನೆಗೆ ಬರುವಾಗ ಅಪ್ಪನ ಹೊಟ್ಟೆ ಗುರ್ ಎನ್ನುವುದು ನಮ್ಮಿಬ್ಬರಿಗೂ ಕೇಳುತ್ತಿತ್ತು. ಮನೆಗೆ ಬಂದು ಕೋಟು ಕೂಡ ಬಿಚ್ಚದೆ ನಾನು ಹೋಳಿಗೆ ಮುರಿದು ಅವನ ಬಾಯಿಗಿಟ್ಟೆ. ಐದು ತಿಂದ. ನಾವು ಮೂವರೂ ಆ ರಾತ್ರಿ ನಕ್ಕೆವು, ನಿಜ. ನಗು ಮುಗಿದ ಮೇಲೆ ಅವ್ವ ಎದ್ದು ಹೋಗಿ ಮರುದಿನದ ಯೂನಿಫಾರಂಗೆ ಇಸ್ತ್ರಿ ಹಾಕತೊಡಗಿದಳು. ಅವಳ ಮುಖದಲ್ಲಿ ಏನೂ ಉಳಿದಿರಲಿಲ್ಲ.

ನನಗೆ ಹದಿಮೂರಾದಾಗಿನ ಬೇಸಗೆ. ಪೇಟೆಯ ದೊಡ್ಡ ಗ್ಯಾಲರಿಗೆ ಹೋಗಿ ಯಾವುದಾದರೂ ಒಂದು ಚಿತ್ರವನ್ನು ನೋಡಿ ಬರೆದು ತನ್ನಿ ಎಂದು ಶಾಲೆಯಲ್ಲಿ ಹೇಳಿದ್ದರು. ಶನಿವಾರ ಅವ್ವ ಬೆಳಗಿನಿಂದ ಸಂಜೆಯವರೆಗೆ ವಾರ್ಡಿನಲ್ಲಿ. ನಾನು ಹತ್ತು ಗಂಟೆಗೆ ಹೋಗಿ, ಒಂದು ಗಂಟೆಗೆ ತಿರುಗಿ ಬಂದು ಅಪ್ಪನಿಗೆ ಉಣ್ಣಿಸಬೇಕು. ಅವ್ವ ಅನ್ನಕ್ಕೆ ಹುಳಿ ಕಲಸಿ ಸ್ಟೀಲ್ ಡಬ್ಬಿಯಲ್ಲಿ ಇಟ್ಟುಹೋಗಿದ್ದಳು. ಪಿಕಡಿಲಿ ಲೈನಿನ ರೈಲು ಹಿಡಿದು ಹೋದೆ. ಗ್ಯಾಲರಿಯ ಕೋಣೆಗಳಲ್ಲಿ ದಾರಿ ತಪ್ಪಿ ಸುತ್ತುತ್ತಾ ಒಂದು ಮೂಲೆ ತಿರುಗಿದರೆ ಎದುರಿಗೆ ನಮ್ಮ ಚೌಕ. ನಮ್ಮ ಟೇಬಲ್ಲಿನದಕ್ಕಿಂತ ಎರಡು ಪಟ್ಟು ದೊಡ್ಡದು, ಎಲ್ಲೂ ತುಂಡುಗಳ ಗೆರೆಯಿಲ್ಲ, ಇಡೀ ಆಕಾಶ ಒಂದೇ ಆಗಿ ಹರಡಿಕೊಂಡಿದೆ. ನಮ್ಮ ಮನೆಯಲ್ಲಿ ಇನ್ನೂ ಬರದಿದ್ದ ಜನರೆಲ್ಲ ಇಲ್ಲಿ ಬಂದಾಗಿತ್ತು. ಬಲಗಡೆ ಗೊಂಬೆಯಾಟದವನ ಸುತ್ತ ಗುಂಪು ಕೂಡಿತ್ತು. ಕೆಂಪು ನಿಲುವಂಗಿಯವನ ಕಾಲಬಳಿ ನಾಯಿ ಮಲಗಿತ್ತು. ಪಕ್ಕದ ಹೆಸರಿನ ಫಲಕದ ಕಡೆ ಹೋಗದೆ ನಾನು ಎದುರಿನ ಬೆಂಚಿನಲ್ಲಿ ಕೂತೆ.

ಹನ್ನೆರಡಕ್ಕೆ ಏಳಬೇಕಿತ್ತು. ಗಡಿಯಾರ ನೋಡಿದೆ, ಏಳಲಿಲ್ಲ. ಮರೆತೆನೆಂದು ಆಮೇಲೆ ಹೇಳಿದೆನಾದರೂ ಮರೆತಿರಲಿಲ್ಲ. ಈ ಚೌಕದಲ್ಲಿ ಇಷ್ಟು ಜನರಿದ್ದಾರೆ, ಒಬ್ಬರೂ ನನ್ನ ಕಡೆ ಬಾಯಿ ತೆರೆದು ನೋಡುತ್ತಿಲ್ಲ ಎನಿಸಿತು. ಅಪ್ಪ ಹಸಿದಿರಲಿ ಎನಿಸಿತು. ಒಂದು ದಿನ, ಒಂದೇ ದಿನ. ಹಾಗೆ ಅನಿಸಿದ್ದಕ್ಕೆ ಹೆದರಿಕೆಯಾಯಿತು, ಆದರೂ ಏಳಲಿಲ್ಲ. ಗ್ಯಾಲರಿ ಮುಚ್ಚುವ ಗಂಟೆ ಬಾರಿಸುವವರೆಗೆ ಕೂತಿದ್ದೆ. ಚಿತ್ರದ ಪುಸ್ತಕದಲ್ಲಿ ಬಾವಿಯೊಂದನ್ನು ಬಿಟ್ಟು ಬೇರೇನೂ ಬರೆದಿರಲಿಲ್ಲ.

ಮನೆ ಸೇರಿದಾಗ ಏಳು ಗಂಟೆ, ಹೊರಗೆ ಇನ್ನೂ ಬೆಳಕಿತ್ತು. ಅಪ್ಪ ಟೇಬಲ್ಲಿನ ಮುಂದೆ ಕೂತಿದ್ದ.

"ಬಂದ್ಯಾ? ಚಿತ್ರಾ ತಗದ್ಯಾ?"

ಕ್ಷಮಿಸು, ಹೊತ್ತು ಗೊತ್ತಾಗಲಿಲ್ಲ, ಎಂದು ಇಂಗ್ಲಿಷಿನಲ್ಲಿ ತೊದಲಿದೆ.

"ಇರ್ಲಿ ಬಿಡು. ನನಗೇನ್ ಹಸಿವಿ ಆಗಿಲ್ಲ."

ಅಡುಗೆಮನೆಗೆ ಓಡಿದೆ. ಡಬ್ಬಿ ಇಟ್ಟಲ್ಲೇ ಇತ್ತು, ಮುಚ್ಚಳ ತೆರೆದಿರಲಿಲ್ಲ. ಬಿಸಿ ಮಾಡಿ ತಂದು ಅಳುತ್ತಳುತ್ತಾ ಉಣ್ಣಿಸಿದೆ. ಜೀವನದಲ್ಲಿ ಮೊದಲ ಸಲ ಸಣ್ಣ ಸಣ್ಣ ತುತ್ತು ಮಾಡಿ, ನುಂಗುವವರೆಗೆ ಕಾದು, ಬಾಯಿ ಒರೆಸಿ ಉಣ್ಣಿಸಿದೆ. ಅಪ್ಪ ತುಂಬ ನಿಧಾನವಾಗಿ, ಬಲು ಕಷ್ಟದಿಂದ, ಇಡೀ ಡಬ್ಬಿ ಮುಗಿಸಿದ. ಹಸಿದು ಹಸಿದು ಹೊಟ್ಟೆ ಸತ್ತಿದೆ ಅಂದುಕೊಂಡೆ. ಡಬ್ಬಿ ಎತ್ತುವಾಗ ಟೇಬಲ್ಲಿನ ಮೇಲೆ ಕಣ್ಣು ಹೋಯಿತು. ಗೋಪುರದ ಬಲಗಡೆ ಅವತ್ತು ಹೊಸದಾಗಿ ಕೂಡಿಸಿದ ಆಕಾಶವಿತ್ತು. ಆ ನೀಲಿಯ ಮೇಲೆ ಹಳದಿ ಕಲೆ, ಮೂರು ತುಂಡುಗಳ ಮೇಲೆ. ಒಂದರ ಮೇಲೆ ಹೆಬ್ಬೆರಳಿನ ಗುರುತು ಸ್ಪಷ್ಟವಾಗಿತ್ತು. ಅರಿಸಿನ. ನಾನು ಒಳಗೆ ಹೋಗಿ ಕುಕ್ಕರಿನ ಮುಚ್ಚಳ ತೆಗೆದೆ. ರಾತ್ರಿಗೆಂದು ಇಟ್ಟಿದ್ದ ಅನ್ನದಲ್ಲಿ ಅರ್ಧ ಇರಲಿಲ್ಲ. ಸಾರಿನ ಪಾತ್ರೆಯ ಅಂಚು ತೊಳೆದಿತ್ತು, ತೊಳೆದದ್ದು ಒಂದೇ ಕೈಯವರು ತೊಳೆದಂತಿತ್ತು. ಅಪ್ಪ ಉಂಡಿದ್ದ. ಎಡಗೈಯಲ್ಲಿ ಕಲಸಿಕೊಂಡು, ಯಾರೂ ಇಲ್ಲದ ಮನೆಯಲ್ಲಿ ಹೊಟ್ಟೆ ತುಂಬ ಉಂಡಿದ್ದ. ನನಗೆ ಗೊತ್ತಾಗಬಾರದೆಂದು ಡಬ್ಬಿಯನ್ನು ಮುಟ್ಟದೆ ಬಿಟ್ಟಿದ್ದ. ನನಗೆ ಗೊತ್ತಾಗಬಾರದೆಂದೇ ಎರಡನೆಯ ಊಟವನ್ನೂ ಪೂರ್ತಿ ಉಂಡಿದ್ದ.

ಅವ್ವ ಕೆಲಸದಿಂದ ಬಂದಾಗ ಬಾಗಿಲಲ್ಲೇ ಅವಳ ಕಿವಿಯಲ್ಲಿ ಹೇಳಿದೆ. ಅವಳು ಕೋಟಿನ ಸಮೇತ ಮೆಟ್ಟಿಲ ಮೇಲೆ ಕೂತಳು, ಅಪ್ಪ ಬಿದ್ದ ಅದೇ ಮೆಟ್ಟಿಲು.

"ಎಷ್ಟ ಉಂಡಾರ?"

ಅರ್ಧ ಕುಕ್ಕರ್ ಅಂದೆ. ಬಾಯಿಗೆ ಕೋಟಿನ ತೋಳು ಒತ್ತಿಕೊಂಡು ನಕ್ಕಳು. ನಗುತ್ತಲೇ ಅತ್ತಳು.

"ವಾರ್ಡಿನ್ಯಾಗ ದಿನಾ ಮಂದಿಗೆ ಹೇಳ್ತೀನಿ, ಎಡಗೈ ಆದ್ರೇನು, ಅದೂ ನಿಮ್ಮ ಕೈನ ಅಂತ. ಮನ್ಯಾಗ ನನಗ ಬಾಯೇ ಬರಲಿಲ್ಲ ನೋಡು. ಎರಡ ವರ್ಷ."

ಈಗ ಹೋಗಿ ಕೇಳೋಣ ಅಂದೆ.

"ಹುಚ್ಚಿ ಏನು? ಕೇಳಿದ್ರ ಮತ್ತ ಬಾಯಿ ಮುಚ್ಚತಾರ. ಕೇಳಬಾರದು. ನೋಡಬಾರದು. ಅಷ್ಟ."

ಆ ಶರದೃತುವಿನಲ್ಲಿ ಜಿಗ್‌ಸಾ ಮುಗಿಯಿತು. ಹಳದಿ ಕಲೆಯನ್ನು ಅಪ್ಪ ಒದ್ದೆ ಬಟ್ಟೆಯಿಂದ ಒರೆಸಿ ನೋಡಿದ್ದ, ಅದು ಹೋಗಿರಲಿಲ್ಲ. ಅವ್ವ ಬಡಗಿಯ ಅಂಟು ತಂದು ಚಿತ್ರವನ್ನು ಹಲಗೆಗೆ ಅಂಟಿಸಿದಳು, ಹೈ ಸ್ಟ್ರೀಟಿನಲ್ಲಿ ಗಾಜು ಹಾಕಿಸಿದಳು, ಟೇಬಲ್ಲಿನ ಎದುರಿನ ಗೋಡೆಗೆ ಮೊಳೆ ಹೊಡೆದಳು. ಎರಡು ವರ್ಷದ ಮೇಲೆ ಟೇಬಲ್ ಖಾಲಿಯಾಯಿತು. ಅವತ್ತು ಅವಳು ಮೂರು ತಟ್ಟೆ ಇಟ್ಟಳು. ಅಪ್ಪನದು ಟೇಬಲ್ಲಿನ ಹಿಂದಿನ ಬದಿಗೆ, ನಮ್ಮ ಎರಡು ಮುಂದೆ, ಗೋಡೆಯ ಕಡೆಗೆ. ಅಪ್ಪನ ತಟ್ಟೆಯ ಎಡಕ್ಕೆ ಒಂದು ಬಟ್ಟಲಲ್ಲಿ ಕೈತೊಳೆಯುವ ನೀರು. ಚಮಚ ಇರಲಿಲ್ಲ.

"ಇಷ್ಟ ಕಷ್ಟಪಟ್ಟ ಜೋಡಿಸೀರಿ. ಇನ್ನ ಮ್ಯಾಲೆ ಊಟದ ಹೊತ್ತಿಗೆ ನಾವಿಬ್ಬರೂ ಚಿತ್ರಾ ನೋಡ್ತೀವಿ. ನೀವು ನಿಮ್ಮ ಕೆಲಸಾ ಮಾಡ್ಕೋರಿ."

ನಮ್ಮ ಕುರ್ಚಿಗಳನ್ನು ಗೋಡೆಯ ಕಡೆ ತಿರುಗಿಸಿ, ನನ್ನನ್ನು ಕೂರಿಸಿ ಮಡಿಲಿಗೆ ತಟ್ಟೆ ಕೊಟ್ಟು, ತಾನೂ ಅಪ್ಪನಿಗೆ ಬೆನ್ನು ಹಾಕಿ ಕೂತಳು. ಹಿಂದೆ ಏನೂ ಸದ್ದಿಲ್ಲ. ಅವ್ವ ಮಾತು ತೆಗೆದಳು.

"ಆ ಕೆಂಪಂಗ್ಯಾಂವ ನೋಡು, ಮುಂಜಾನಿಂದ ಹಂಗ ನಿಂತಾನ. ಮನ್ಯಾಗ ಹೆಂಡ್ತಿ ಜೋಡಿ ಜಗಳಾ ಮಾಡಿ ಬಂದಾನ, ಕಾಣ್ತದ."

ಇಂಗ್ಲಿಷಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಕನ್ನಡದಲ್ಲೇ ತಡವರಿಸಿ ಹೇಳಿದೆ.

"ಅಕಿ... ಅಕಿ ಮ್ಯಾಲಿಂದ ಬಟ್ಟಿ ಒಗೀಲಿಕ್ಕತ್ತಾಳ. ಅವನ ಬಟ್ಟಿ."

ಹಿಂದೆ ಸ್ಟೀಲ್ ತಟ್ಟೆ ಟೇಬಲ್ಲಿನ ಮೇಲೆ ಸ್ವಲ್ಪ ಸರಿದ ಸದ್ದಾಯಿತು. ಅವ್ವ ನನ್ನ ತೊಡೆಯನ್ನು ಗಟ್ಟಿಯಾಗಿ ಹಿಡಿದಳು. ಆಮೇಲೆ ಬಾವಿಯ ಹತ್ತಿರದ ಸನ್ಯಾಸಿಯ ಬಗ್ಗೆ ಮಾತಾಡಿದಳು, ಕೋಳಿಯವಳ ಬಗ್ಗೆ ಮಾತಾಡಿದಳು, ಅಪ್ಪನ ನೀರಿನ ಬಟ್ಟಲು ಸದ್ದು ಮಾಡುವವರೆಗೂ ಮಾತು ನಿಲ್ಲಿಸಲಿಲ್ಲ.

ನನ್ನ ಕನ್ನಡ ಆ ಟೇಬಲ್ಲಿನದು. ಊರಿನ ಅಜ್ಜಿಯೊಂದಿಗೆ ಫೋನ್ ಕಾರ್ಡಿನ ನಂಬರು ಕೆರೆದು ಮಾತಾಡುವಾಗ ನಾಲಿಗೆ ತೊದಲುತ್ತಿದ್ದವಳು ಚೌಕದ ಜನರ ಜಗಳ, ಮದುವೆ, ಕಳವು ಎಲ್ಲವನ್ನೂ ಧಾರವಾಡದ ಮಾತಿನಲ್ಲಿ ಎಂಟು ವರ್ಷ ನಡೆಸಿದೆ. ಅಪ್ಪನೂ ಹಿಂದಿನಿಂದ ಒಂದೊಂದು ಮಾತು ಸೇರಿಸುತ್ತಿದ್ದ. ಆದರೆ ಇದನ್ನೆಲ್ಲ ಸಿಹಿ ನೆನಪೆಂದು ಬರೆದು ಮುಗಿಸಲಾರೆ. ಬಹಳ ದಣಿವಿನ ವರ್ಷಗಳವು. ಪರೀಕ್ಷೆಯ ಬೆಳಗ್ಗೆ, ಜ್ವರ ಬಂದ ದಿನ, ಅವ್ವನೊಂದಿಗೆ ಜಗಳವಾಡಿದ ದಿನ ಕೂಡ ಹೋಗಿ ಆ ಕೆಂಪಂಗಿಯವನ ಬೆನ್ನು ನೋಡುತ್ತಾ ಏನಾದರೂ ಮಾತಾಡಬೇಕಿತ್ತು. ಸುಮ್ಮನಾದರೆ ಹಿಂದೆ ಅಪ್ಪನ ಕೈ ನಿಲ್ಲುತ್ತಿತ್ತು. ನಾವು ತಿರುಗಿ ನೋಡಿದರೆ ಎಲ್ಲ ಮತ್ತೆ ಮೊದಲಿನಂತಾಗುತ್ತದೆ ಎಂಬ ಹೆದರಿಕೆ ಅವ್ವನಿಗೆ, ಅವಳಿಂದ ನನಗೆ. ಮನೆಗೆ ಗೆಳತಿಯರನ್ನು ಊಟಕ್ಕೆ ಕರೆಯಲಿಲ್ಲ. ಹಬ್ಬದ ಊಟಗಳಲ್ಲಿ ಅಪ್ಪನ ಉಪವಾಸಗಳು ಮುಂದುವರಿದವು.

ಇಪ್ಪತ್ತೊಂದಕ್ಕೆ ಕೆಲಸ ಸಿಕ್ಕಿತು, ವೆಂಬ್ಲಿಯಲ್ಲಿ ಕೋಣೆ ಹಿಡಿದೆ. ಹೊರಡುವ ದಿನ ಅವ್ವ ಬೆಳಗಿನ ಪಾಳಿಗೆ ಹೋಗಿಯಾಗಿತ್ತು. ಮಧ್ಯಾಹ್ನ ನಾನೇ ಬಡಿಸಿ, ರೂಢಿಯಂತೆ ಬೆನ್ನು ಹಾಕಿ ಕೂತು, ಗೊಂಬೆಯಾಟದವನ ಬಗ್ಗೆ ಏನೋ ಶುರುಮಾಡಿದೆ. ಅಪ್ಪ ನಡುವೆ ಬಾಯಿ ಹಾಕಿದ.

"ಸುಮಾ. ಈ ಕಡೆ ಹೊಳ್ಳು."

ಕೇಳಿಸಿತು. ಕತ್ತು ತಿರುಗಲಿಲ್ಲ. ಆ ಗೊಂಬೆಯಾಟದವ ಇವತ್ತು, ಎಂದು ಮಾತು ಮುಂದುವರಿಸಿದೆ.

"ಅವನ್ನ ಎಂಟ್ ವರ್ಷ ನೋಡೀದಿ. ನನ್ನ ಯಾವಾಗ ನೋಡ್ತಿ?"

ಕುರ್ಚಿಯನ್ನು ಎತ್ತಿ ತಿರುಗಿಸಿಕೊಂಡು ಕೂತೆ. ಅಪ್ಪ ಅನ್ನ ಕಲಸುತ್ತಿದ್ದ. ಒಂದು ಅಗುಳೂ ತಟ್ಟೆಯ ಅಂಚು ದಾಟಿರಲಿಲ್ಲ. ಬೆರಳುಗಳ ತುದಿ ಮಾತ್ರ ನೆನೆದಿದ್ದವು, ಹೆಬ್ಬೆರಳು ತುತ್ತನ್ನು ನಯವಾಗಿ ಮುಂದೆ ತಳ್ಳುತ್ತಿತ್ತು. ಹೊಸದಾಗಿ ಕಲಿತ ಕೈಯ ಹಾಗೆ ಕಾಣಲಿಲ್ಲ. ನಾನು ನೋಡುವುದನ್ನು ಅವನು ನೋಡಿದ.

"ಸಣ್ಣಾಂವ ಇದ್ದಾಗ ನಾ ಎಡಚನ ಇದ್ದೆ. ನಮ್ಮಪ್ಪ ಈ ಕೈ ಕಂಬಕ್ಕ ಕಟ್ಟಿ ಚಟಾ ಬಿಡಿಸಿದ. ಉಣ್ಣೂ ಮುಂದ ನಾಕ ಮಂದಿ ಎದುರಿಗೆ. ಇದನ್ನ ಮತ್ತ ಯಾರ ಮುಂದೂ ತಗೀಬಾರದು ಅಂತ ಇದ್ದೆ."

ಇಷ್ಟು ಹೇಳಿ ಅಪ್ಪ ಒಂದು ತುತ್ತು ಮಾಡಿದ. ಅದನ್ನು ತನ್ನ ಬಾಯಿಗೆ ಒಯ್ಯಲಿಲ್ಲ, ನನ್ನ ಕಡೆ ಚಾಚಿದ. ಎಡಗೈ, ತುದಿಯಲ್ಲಿ ಅರಿಸಿನದ ಹಳದಿ. ಈ ಊರಲ್ಲಿ ಹುಟ್ಟಿ ಬೆಳೆದವಳು ನಾನು, ಅಪ್ಪನ ಹಟಕ್ಕೆ ಮನಸ್ಸಿನಲ್ಲೇ ಎಷ್ಟು ಸಲ ಬೈದವಳು. ಆದರೂ ಆ ಕೈ ಕಂಡಾಗ ನನ್ನ ಬಾಯಿ ತೆರೆಯಲಿಲ್ಲ. ಒಂದು ಉಸಿರಿನಷ್ಟು ಹೊತ್ತು. ಅಪ್ಪನಿಗೆ ಅಷ್ಟೇ ಸಾಕಾಯಿತು. ಅವನು ಮುಖದಲ್ಲಿ ಏನೂ ತೋರಿಸಲಿಲ್ಲ, ಕೈ ಮಾತ್ರ ಹಿಂದಕ್ಕೆ ಸರ್ರನೆ ಹೊರಟಿತು. ನಾನು ಎದ್ದು ಅವನ ಮಣಿಕಟ್ಟು ಹಿಡಿದೆ, ಎರಡೂ ಕೈಯಿಂದ ಹಿಡಿದೆ, ಬಗ್ಗಿ ಬಾಯಿ ಹಾಕಿದೆ. ಅಗಿಯದೆ ನುಂಗಲು ಹೋಗಿ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಅಪ್ಪ ನನ್ನ ತುಟಿಗೆ ಅಂಟಿದ್ದ ಅಗುಳನ್ನು ಅದೇ ಕೈಯಿಂದ ಒರೆಸಿದ.

"ಸಾವಕಾಶ, ನನ್ನವ್ವಾ," ಅಂದ. "ಸಾವಕಾಶ."